ಹೆಬ್ಬೆಟ್ಟು ಇಲ್ಲದ ದಿನಗಳು

ತಾತ ಸತ್ತಿದ್ದಾನೆ, ರಜೆ ಬೇಕು ಅಂತ ಕೇಳಿದೆ. ಸೂಪರ್‌ವೈಸರ್ ನಾಗರಾಜು ಮುಖ ಸಣ್ಣಗೆ ಮಾಡಿಕೊಂಡು, ಪಾಪ, ಯಾವಾಗ ಅಂದ. ನಲವತ್ತು ವರ್ಷ ಆಯಿತು ಅಂದೆ. ಪಕ್ಕದ ಮೇಜಿನ ಹುಡುಗಿಯರು ಶರ್ಟಿನ ತೋಳನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾಗರಾಜುಗೆ ಉರಿದುಹೋಯಿತು. ನಾನು ಅವನನ್ನು ಗೇಲಿ ಮಾಡುತ್ತಿದ್ದೇನೆ ಅಂದುಕೊಂಡ. ನಾನು ಹೇಳಿದ್ದು ಅಪ್ಪಟ ನಿಜ. ತಾತ ಸತ್ತು ನಲವತ್ತು ವರ್ಷವಾಗಿತ್ತು, ಆದರೆ ಅವನು ಸತ್ತಿದ್ದಾನೆ ಅಂತ ಸರ್ಕಾರಕ್ಕೆ ಇನ್ನೂ ಗೊತ್ತಿರಲಿಲ್ಲ. ಅದನ್ನು ಗೊತ್ತು ಮಾಡಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು.

ಕಾಮಾಕ್ಷಿಪಾಳ್ಯದ ಆ ಗಾರ್ಮೆಂಟ್ ಶೆಡ್ಡಿನಲ್ಲಿ ನನ್ನದು ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಶರ್ಟು ತಿರುವಬೇಕು, ಉಳಿದ ದಾರ ಕತ್ತರಿಸಬೇಕು, ಗುಂಡಿ ಎಳೆದು ನೋಡಬೇಕು, ಎಸೆಯಬೇಕು. ನಿಂತೇ ಮಾಡಬೇಕು. ಕೂತರೆ ಕಣ್ಣು ಮುಚ್ಚುತ್ತಾರೆ ಅಂತ ಸ್ಟೂಲು ತೆಗೆಸಿದ್ದರು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲು ಮೊಣಕಾಲು ಮಡಚುತ್ತಿರಲಿಲ್ಲ. ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣು ನಾನು. ಆ ಓದು ದಾರ ಕತ್ತರಿಸಲು ಬಹಳ ಉಪಯೋಗಕ್ಕೆ ಬಂತು.

ನಮ್ಮೂರು ಹುಣಸೆಕಟ್ಟೆ, ಕೆಂಗೇರಿ ಕಡೆಯ ಉಲ್ಲಾಳದಿಂದ ಆಚೆಗೆ. ಊರು ಅಂದರೆ ಮೇಲುಬೀದಿ. ನಮ್ಮದು ಊರಲ್ಲ, ಕೇರಿ. ನಮ್ಮ ತಾತ ಬೆಟ್ಟಯ್ಯ ಆ ಊರಿನ ತೋಟಿಯಾಗಿದ್ದ. ಯಾರು ಸತ್ತರೂ ನೆಂಟರ ಊರಿಗೆ ನಡೆದು ಹೋಗಿ ಸುದ್ದಿ ಮುಟ್ಟಿಸಬೇಕು. ಅವರ ಹೊಸಿಲಿಂದ ದೂರ ನಿಂತು ಕೂಗಿ ಹೇಳಬೇಕು. ವಾಪಸ್ಸು ಬಂದು ಗುಂಡಿ ತೋಡಬೇಕು, ಸೌದೆ ಹೊರಬೇಕು, ತಮಟೆ ಬಡಿಯಬೇಕು. ಕೊನೆಗೆ ಹೆಗಲ ಮೇಲಿನ ಟವಲ್ಲು ನೆಲಕ್ಕೆ ಹಾಸಿದರೆ ಮೇಲಿಂದ ರಾಗಿ ಸುರಿಯುತ್ತಿದ್ದರು. ಅರ್ಧ ಟವಲ್ಲಿಗೆ, ಅರ್ಧ ಮಣ್ಣಿಗೆ. ಮಣ್ಣಿಗೆ ಬಿದ್ದದ್ದನ್ನು ಆರಿಸಿಕೊಂಡು ಬರುವವಳು ನಮ್ಮಜ್ಜಿ ಚಿಕ್ಕಗಂಗಮ್ಮ.

ಕೇರಿಯ ಹಿಂದೆ ಹೊಂಗೆ ಮರಗಳ ಪಕ್ಕ ಒಂದು ಇಳಿಜಾರಿದೆ. ನಮ್ಮವರನ್ನೆಲ್ಲ ಹೂಳುವುದು ಅಲ್ಲಿ. ಮೇಲುಬೀದಿಯವರು ಸಮಾಧಿಗೆ ಕಲ್ಲು ನೆಡುತ್ತಿದ್ದರು. ನಾವು ನೆಡುವಂತಿರಲಿಲ್ಲ. ಮಣ್ಣಿನ ಮೇಲೆ ಮುಳ್ಳುಕಂಟಿ ಹಾಕಿ ಬರುತ್ತಿದ್ದೆವು, ನಾಯಿ ಕೆದಕದಿರಲಿ ಅಂತ. ನಾಲ್ಕು ಮಳೆಗೆ ಎಲ್ಲ ಸಮವಾಗುತ್ತಿತ್ತು. ಅಲ್ಲಿ ನಿಂತು ನೋಡಿದರೆ ಬರೀ ಹುಲ್ಲು, ಎರಡು ಮೇಕೆ.

ಎಂಬತ್ತಾರನೇ ಇಸವಿಯಲ್ಲಿ ಒಂದು ಗೃಹ ನಿರ್ಮಾಣ ಸೊಸೈಟಿಯವರು ಆ ಕಡೆಯ ಜಮೀನನ್ನೆಲ್ಲ ತೆಗೆದುಕೊಂಡು ಲೇಔಟ್ ಮಾಡಲು ಬಂದರು. ಸೆಕ್ರೆಟರಿ ಜಗನ್ನಾಥ ಅಂತ. ಬ್ಯಾಂಕಿನಲ್ಲಿ ಕೆಲಸ, ವಿಜಯನಗರದಲ್ಲಿ ಬಾಡಿಗೆ ಮನೆ, ಸ್ಕೂಟರು. ಕೇರಿಗೆ ಬಂದ, ಎಲ್ಲರಿಗೂ ನೀವು ಅಂದ, ಮಕ್ಕಳಿಗೆ ಬಿಸ್ಕತ್ತು ಹಂಚಿದ. ಒಳ್ಳೆಯ ಮನುಷ್ಯ. ಕೆಟ್ಟವರ ಹತ್ತಿರ ಜಗಳ ಆಡಬಹುದು, ಒಳ್ಳೆಯವರ ಹತ್ತಿರ ಆಡುವುದು ಬಲು ಕಷ್ಟ. ಅವನು ಸ್ಕೂಟರಿನ ಸೀಟಿನ ಮೇಲೆ ನಕ್ಷೆ ಹಾಸಿ ತೋರಿಸಿದ. ನಮ್ಮ ಇಳಿಜಾರಿನ ಜಾಗದಲ್ಲಿ ಹಸಿರು ಬಣ್ಣ ಹಚ್ಚಿ ಮಕ್ಕಳ ಉದ್ಯಾನವನ ಅಂತ ಬರೆದಿತ್ತು. ಉಯ್ಯಾಲೆ ಹಾಕುತ್ತೇವೆ, ನಿಮ್ಮ ಮಕ್ಕಳೂ ಬಂದು ಆಡಬಹುದು ಅಂದ. ಅಲ್ಲಿ ನಮ್ಮ ಹಿರಿಯರಿದ್ದಾರೆ ಅಂದೆವು. ಅವನು ಕಣ್ಣಿನ ಮೇಲೆ ಕೈ ಅಡ್ಡ ಇಟ್ಟು ಬಹಳ ಹೊತ್ತು ನೋಡಿ, ಏನೂ ಕಾಣುತ್ತಿಲ್ಲವಲ್ಲಮ್ಮ ಅಂದ. ಸುಳ್ಳಲ್ಲ, ಏನೂ ಕಾಣುತ್ತಿರಲಿಲ್ಲ.

ರೆವಿನ್ಯೂ ಇನ್ಸ್‌ಪೆಕ್ಟರ್ ಸೋಮಲಿಂಗಪ್ಪನ ಹತ್ತಿರ ಹೋದೆವು. ಕಾಗದದಲ್ಲಿ ಆ ಜಾಗ ಖರಾಬು, ಅಂದರೆ ಯಾರದೂ ಅಲ್ಲದ ಬೀಳು, ಸ್ಮಶಾನ ಅಂತ ಎಲ್ಲೂ ಇಲ್ಲ ಅಂದ. ನಮ್ಮವರನ್ನು ಅಲ್ಲೇ ಹೂತಿದ್ದೇವಲ್ಲ ಅಂದರೆ, ಹಾಗಾದರೆ ಸತ್ತ ದಾಖಲೆ ಇರಬೇಕು, ಹಳೇ ಮರಣ ರಿಜಿಸ್ಟರಿನಲ್ಲಿ ಹೂತ ಜಾಗದ ಕಲಮ್ಮೇ ಇದೆ, ತಂದು ತೋರಿಸಿ ಅಂದ. ಸುಗ್ಗಿ ಹಬ್ಬ ಕಳೆದ ಮೇಲೆ ಟ್ರಾಕ್ಟರ್ ಬರುತ್ತೆ, ಅಷ್ಟರೊಳಗೆ ತನ್ನಿ ಅಂತಲೂ ಅಂದ.

ಎಲ್ಲರೂ ಸುಮ್ಮನೆ ಮನೆಗೆ ಬಂದರು. ಅಜ್ಜಿ ಮಾತ್ರ ಸುಮ್ಮನಾಗಲಿಲ್ಲ. ಎಂಬತ್ತು ದಾಟಿದ ಮುದುಕಿ, ಸೊಂಟ ಬಾಗಿ ನೆಲ ನೋಡಿಕೊಂಡೇ ನಡೆಯುತ್ತಿದ್ದಳು, ಬಾಯಿ ಮಾತ್ರ ನೆಟ್ಟಗಿತ್ತು. ಗಂಡ ಅಲ್ಲಿದ್ದ, ಹೆತ್ತ ಮಕ್ಕಳಲ್ಲಿ ನನ್ನಪ್ಪನೂ ಸೇರಿ ಮುಕ್ಕಾಲು ಪಾಲು ಅಲ್ಲಿದ್ದರು. ತನ್ನ ಜಾಗವನ್ನು ಅವಳು ಎಂದೋ ಗೊತ್ತು ಮಾಡಿಕೊಂಡಿದ್ದಳು, ತಾತನ ಎಡಕ್ಕೆ, ಹೊಂಗೆ ಬೇರು ಅಡ್ಡ ಬರದ ಕಡೆ. ನನ್ನ ಮೇಲೆ ಉಯ್ಯಾಲೆ ಆಡುಸ್ತಾರಂತಾ, ಹೋಗಿ ಆ ಪುಸ್ತಕ ತರಬಾರದೇನೇ ಇಂದ್ರ ಅಂದಳು. ನಿನಗೆ ಅಕ್ಷರ ಕಲಿಸಿದ್ದು ಅಂಗಿ ದಾರ ಕೀಳೋಕಾ ಅಂತಲೂ ಕೇಳಿದಳು. ಆ ಮಾತು ಚುಚ್ಚಿತು. ಮಾರನೇ ದಿನವೇ ನಾಗರಾಜು ಮುಂದೆ ನಿಂತು ರಜೆ ಕೇಳಿದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ ಮೊದಲು ಕೇಳಿದ್ದು, ಯಾವ ಜನ ಅಂತ. ಹೇಳಿದೆ. ನಿಮ್ಮವರದ್ದು ಇರಲ್ಲ, ಹೋಗು ಅಂದ. ನೋಡದೇ ಹೇಗೆ ಗೊತ್ತು ಅಂದೆ. ಅವನು ತಲೆ ಎತ್ತಿ ನೋಡಿದ. ಆಮೇಲೆ ಅಟೆಂಡರ್ ಮುನಿಯಣ್ಣನನ್ನು ಕರೆದು, ಹುಣಸೆಕಟ್ಟೆಯ ಪುಸ್ತಕ ಇಳಿಸಿ ಇವಳಿಗೆ ಕೊಡು ಅಂದ. ಮುನಿಯಣ್ಣ ತಂದು ಮೇಜಿನ ಮೇಲಿಟ್ಟ. ಗುಮಾಸ್ತ ಅದನ್ನು ಎತ್ತಿಸಿ ಬಾಗಿಲ ಹತ್ತಿರ ನೆಲದ ಮೇಲೆ ಇಡಿಸಿದ. ಇಲ್ಲಿ ಕೆಲಸ ಇದೆ, ಅಲ್ಲಿ ಕೂತು ನೋಡ್ಕೋ ಅಂದ. ಮೇಜು ಖಾಲಿ ಇತ್ತು. ನನಗೆ ಕೆನ್ನೆ ಬಿಸಿಯಾಯಿತು. ಆದರೂ ಕೂತೆ. ಶೆಡ್ಡಿನಲ್ಲಿ ದಿನವಿಡೀ ನಿಂತಿರುವವಳಿಗೆ ಸರ್ಕಾರ ಕೂರಲು ನೆಲವಾದರೂ ಕೊಟ್ಟಿತಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಮೊದಲು ಮುನಿಯಣ್ಣ ತಪ್ಪಿ ಬೇರೆ ಪುಸ್ತಕ ಕೊಟ್ಟಿದ್ದ. ಅದು ದನಗಳದ್ದು. ದೊಡ್ಡರೋಗ ಬಂದಾಗ ಸತ್ತ ದನಗಳ ಲೆಕ್ಕ ಪಟೇಲರು ಬರೆದು ಕಳಿಸಬೇಕಿತ್ತಂತೆ. ಪಟೇಲರ ಎತ್ತು, ಬಿಳಿ, ಬಲಗೊಂಬು ಮುರಿದದ್ದು, ವಯಸ್ಸು ಎಂಟು. ಎಷ್ಟು ಮುದ್ದಾಗಿ ಬರೆದಿದ್ದರು ಗೊತ್ತೇ. ಆ ಎತ್ತು ಎದುರಿಗೆ ಬಂದು ನಿಂತ ಹಾಗಿತ್ತು. ಆಮೇಲೆ ಮನುಷ್ಯರ ಪುಸ್ತಕ ಬಂತು. ಸಾಲು ಸಾಲು ಓದಿದೆ. ಮೇಲುಬೀದಿಯ ಗೌಡರು, ಶೆಟ್ಟರು, ಪೂಜಾರರು, ಅವರ ಹೆಂಡಿರು ಮಕ್ಕಳು ಎಲ್ಲರೂ ಇದ್ದರು. ಹೆಸರಿಡುವ ಮೊದಲೇ ಸತ್ತ ಅವರ ಮಕ್ಕಳೂ ಇದ್ದವು, ಗಂಡು ಕೂಸು, ಹೆಣ್ಣು ಕೂಸು ಅಂತ. ನಮ್ಮ ಕೇರಿಯ ಒಂದು ನರಪಿಳ್ಳೆಯೂ ಇರಲಿಲ್ಲ. ಕೇರಿಯಲ್ಲಿ ಯಾರೂ ಸತ್ತೇ ಇಲ್ಲ. ನಾವೆಲ್ಲ ಚಿರಂಜೀವಿಗಳು.

ಸಿಟ್ಟಿನಲ್ಲಿ ಪುಸ್ತಕ ಮುಚ್ಚಬೇಕು ಅಂದುಕೊಂಡಾಗ ಕೊನೆಯ ಕಲಮ್ಮಿಗೆ ಕಣ್ಣು ಬಿತ್ತು. ವರದಿ ಕೊಟ್ಟವರು ಅಂತ ಮೇಲೆ ಬರೆದಿತ್ತು. ಅದರ ಕೆಳಗೆ ತೋಟಿ ಬೆಟ್ಟ, ಹೆಬ್ಬೆಟ್ಟಿನ ಗುರುತು. ಮುಂದಿನ ಸಾಲಿಗೂ ತೋಟಿ ಬೆಟ್ಟ. ಹಾಳೆ ತಿರುವಿದೆ. ತೋಟಿ ಬೆಟ್ಟ, ತೋಟಿ ಬೆಟ್ಟ, ತೋಟಿ ಬೆಟ್ಟ. ನಮ್ಮ ತಾತ. ಮೇಲುಬೀದಿಯವರು ಯಾರು ಸತ್ತರೂ ಸರ್ಕಾರಕ್ಕೆ ತಿಳಿಸಿದವನು ಅವನು. ಅವನ ಫೋಟೋ ನಮ್ಮಲ್ಲಿ ಇಲ್ಲ. ಅವನು ಮುಟ್ಟಿದ್ದು ಅಂತ ಒಂದು ಚೂರು ಸಾಮಾನಿಲ್ಲ. ಇಲ್ಲಿ ನೋಡಿದರೆ ಪುಸ್ತಕದ ತುಂಬ ಅವನ ಬೆರಳು. ಒಂದರ ಮೇಲೆ ನನ್ನ ಹೆಬ್ಬೆಟ್ಟು ಇಟ್ಟೆ. ನನ್ನದಕ್ಕಿಂತ ಬಹಳ ಅಗಲವಾಗಿತ್ತು. ಅಳು ಬಂತು, ತಡೆಯಲಿಲ್ಲ. ಗುಮಾಸ್ತ ಆ ಕಡೆ ತಿರುಗಿಕೊಂಡ.

ಎಲ್ಲ ಗುರುತುಗಳೂ ಓರೆಯಾಗಿದ್ದವು. ಹಾಳೆಯ ಕೆಳ ಅಂಚಿನಿಂದ ಮೇಲಕ್ಕೆ ಎಳೆದ ಹಾಗೆ ಮಸಿ ಬಳಿದುಕೊಂಡಿತ್ತು. ಸಂಜೆ ಅಜ್ಜಿಯನ್ನು ಕೇಳಿದೆ. ಅವಳು ಎದ್ದು ಗೋಡೆಗೆ ಆತು ನಿಂತು, ಕೈ ಮಾತ್ರ ಮುಂದಕ್ಕೆ ಚಾಚಿ ತೋರಿಸಿದಳು. ಪಟೇಲರ ಜಗಲಿ ಎದೆಮಟ್ಟ ಎತ್ತರವಂತೆ. ಪುಸ್ತಕ ಜಗಲಿಯ ಅಂಚಿಗೆ ಇಟ್ಟು, ಹಾರದಂತೆ ಕಲ್ಲು ಹೇರಿ, ಪಟೇಲರು ಹಿಂದೆ ಸರಿದು ನಿಲ್ಲುತ್ತಿದ್ದರಂತೆ. ಮಸಿಯ ಬಟ್ಟಲೂ ಬೇರೆ. ತಾತ ಬೀದಿಯಲ್ಲಿ ನಿಂತು, ಜಗಲಿಗೆ ಎದೆ ತಾಗದ ಹಾಗೆ ಹಿಂದಕ್ಕೆ ಬಾಗಿ, ತೋಳು ಮಾತ್ರ ಚಾಚಿ ಒತ್ತಬೇಕಿತ್ತು. ತಾಗಿದರೆ ಜಗಲಿ ತೊಳೆಯುವ ಕೆಲಸವೂ ಅವನದೇ, ದೂರದಿಂದ ನೀರು ಎರಚಿ. ಅಜ್ಜಿ ಇದನ್ನೆಲ್ಲ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಎರಡನೇ ಸಲ ಹೋದಾಗ ಇನ್ನೊಂದು ಕಂಡಿತು. ತೋಟಿ ಬೆಟ್ಟ ಅಲ್ಲಲ್ಲಿ ಕಾಣೆಯಾಗುತ್ತಿದ್ದ. ಸಾಲಾಗಿ ಬಂದವನು ಸುಮಾರು ಹತ್ತು ಹನ್ನೆರಡು ದಿನ ಇರುತ್ತಿರಲಿಲ್ಲ. ಆ ದಿನಗಳಲ್ಲಿ ಯಾರಾದರೂ ಸತ್ತಿದ್ದರೆ ವರದಿ ಕೊಟ್ಟವರು ಅನ್ನುವ ಕಡೆ ತಳವಾರನೋ, ಸ್ವತಃ ಪಟೇಲರೋ ಇರುತ್ತಿದ್ದರು. ಆಮೇಲೆ ಮತ್ತೆ ಬೆಟ್ಟ. ಜ್ವರ ಬಂದು ಮಲಗಿದ್ದನೇನೋ ಅಂದುಕೊಂಡೆ. ಅದರಲ್ಲಿ ಒಂದು ವಿಚಿತ್ರ. ಪಟೇಲರ ಸ್ವಂತ ತಾಯಿ ಸತ್ತ ಸಾಲಿನಲ್ಲೂ ತಾತನ ಹೆಬ್ಬೆಟ್ಟಿಲ್ಲ. ಊರಿಗೇ ದೊಡ್ಡ ಸಾವು, ತೋಟಿ ಎಲ್ಲಿ ಹೋದ?

ಅಜ್ಜಿ ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದೆ. ಕೈ ನಿಂತಿತು.

"ಅವತ್ತು ಹೆಂಗೆ ಒತ್ತಾರು? ನಮ್ಗೆ ಸೂತಕ ಕಣೇ. ನನ್ನ ಮೊದಲ್ನೇ ಕೂಸು ಅವತ್ತೇ ಹೋಗಿದ್ದು."

ಅಷ್ಟು ಹೇಳಿ ಮತ್ತೆ ಕಾಯಿ ಸುಲಿದಳು. ನಾನು ಹಿಡಿದು ಕೂರಿಸಿ ಬಿಡಿಸಿ ಬಿಡಿಸಿ ಕೇಳಿದೆ, ಕೂಸಿನ ವಿಷಯ ಅಲ್ಲ, ಸೂತಕದ ವಿಷಯ. ಸಾವಿನ ಸೂತಕ ಇರುವವರು ಹನ್ನೊಂದು ದಿನ ಮೇಲುಬೀದಿಗೆ ಕಾಲಿಡುವಂತಿರಲಿಲ್ಲವಂತೆ. ಮೊದಲೇ ಮೈಲಿಗೆಯ ಜನ, ಅದರ ಮೇಲೆ ಸಾವಿನ ಮೈಲಿಗೆ. ನಮ್ಮ ಕೇರಿ ಪೂರ್ತಿ ಅಣ್ಣತಮ್ಮಂದಿರದ್ದು, ಒಂದೇ ಬಳ್ಳಿ. ಯಾರ ಗುಡಿಸಿಲಲ್ಲಿ ಸತ್ತರೂ ಎಲ್ಲರಿಗೂ ಸೂತಕ, ತಾತನಿಗೂ ಸೂತಕ. ಸಾವು ವರದಿ ಮಾಡಬೇಕಾದವನು ತೋಟಿ. ಕೇರಿಯಲ್ಲಿ ಸಾವಾದರೆ ತೋಟಿ ಪಟೇಲರ ಜಗಲಿಯ ಹತ್ತಿರ ಹೋಗುವಂತಿಲ್ಲ. ಹೋಗುವಂತಾದ ಮೇಲೆ ಹಳೇ ಸಾವನ್ನು ಯಾರು ಕೇಳುತ್ತಾರೆ? ಪಟೇಲರು ಕೇಳಲಿಲ್ಲ, ತಾತ ಹೇಳಲಿಲ್ಲ. ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಪುಸ್ತಕದ ಹೊರಗೇ ಉಳಿದರು.

ಒಂದು ದಿನವೂ ನೀವು ಮುರಿಯಲಿಲ್ಲವಾ ಅಂದೆ. ಅಜ್ಜಿಗೆ ಹೆಮ್ಮೆ. ಒಂದು ದಿನವೂ ಇಲ್ಲ ಕಣೇ, ನಮ್ಮ ಕೇರೀರಷ್ಟು ಶುದ್ಧವಾಗಿ ಸೂತಕ ಹಿಡಿದೋರು ಸುತ್ತಮುತ್ತ ಇರ್ಲಿಲ್ಲ ಅಂದಳು. ನನಗೆ ತಲೆ ತಲೆ ಚಚ್ಚಿಕೊಳ್ಳುವಂತಾಯಿತು. ಅವರು ಹಾಕಿದ ಬೇಲಿ ಸರಿ, ನಾವೇ ನಿಂತು ಅದಕ್ಕೆ ಮುಳ್ಳು ಕಟ್ಟಿದೆವಲ್ಲ.

ಆದರೆ ಅವತ್ತು ನನಗೆ ನಿದ್ದೆ ಹತ್ತುವ ಮುಂಚೆ ಒಂದು ವಿಷಯ ಹೊಳೆಯಿತು. ತಾತ ಇಲ್ಲದ ದಿನಗಳೇ ನಮ್ಮವರು ಸತ್ತ ದಿನಗಳು. ಅವನ ಹೆಬ್ಬೆಟ್ಟು ನಿಂತ ಕಡೆಯೆಲ್ಲ ಕೇರಿಯಲ್ಲಿ ಒಂದು ಹೆಣ ಎದ್ದಿದೆ. ಬರೆಯದೇ ಬಿಟ್ಟು ಬರೆದಿಟ್ಟಿದ್ದಾರೆ.

ಆಮೇಲೆ ನಮ್ಮ ಮನೆಯಂಗಳ ಜಾತ್ರೆಯಾಯಿತು. ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಅರ್ಧ ಕೇರಿ ಅಜ್ಜಿಯ ಸುತ್ತ ಕೂತಿರುತ್ತಿತ್ತು. ನಮ್ಮ ಜನಕ್ಕೆ ತಾರೀಕು ನೆನಪಿರುವುದಿಲ್ಲ, ಮೇಲುಬೀದಿಯ ಸಾವುಗಳು ನೆನಪಿರುತ್ತವೆ. ಕೆಲಸ ಅದೇ ಆಗಿತ್ತಲ್ಲ. ಶೆಟ್ಟರ ದೊಡ್ಡ ಸೊಸೆ ಬಾವಿಗೆ ಬಿದ್ದ ವಾರದಲ್ಲೇ ನಮ್ಮವ್ವ ಹೋಗಿದ್ದು ಅನ್ನುತ್ತಿದ್ದ ಒಬ್ಬ. ಅಲ್ಲ, ಪೂಜಾರರ ಮುದುಕ ಹೋದಾಗ, ಅವತ್ತು ಗುಂಡಿ ತೋಡೋಕೆ ಪಕ್ಕದೂರಿನವರನ್ನ ಕರೆಸಿದ್ರು ಅನ್ನುತ್ತಿದ್ದಳು ಇನ್ನೊಬ್ಬಳು. ಜಗಳವಾಗುತ್ತಿತ್ತು, ನಗುವಾಗುತ್ತಿತ್ತು. ಸತ್ತವರ ಬೀಡಿ, ಸತ್ತವರ ಕುಡಿತ, ಸತ್ತವರ ಕಳ್ಳ ಪ್ರೀತಿ ಎಲ್ಲ ಹೊರಗೆ ಬಂದವು. ನನ್ನಪ್ಪನಿಗೆ ನನ್ನವ್ವನಿಗಿಂತ ಮುಂಚೆ ಬೇರೆ ಹೆಣ್ಣು ಗೊತ್ತಾಗಿತ್ತು ಅಂತ ಅಲ್ಲೇ ತಿಳಿಯಿತು. ಅವ್ವ ಪಾತ್ರೆ ಕುಕ್ಕಿದಳು. ನಾನು ಶೆಟ್ಟರ ಸೊಸೆಯನ್ನು ಪುಸ್ತಕದಲ್ಲಿ ಹುಡುಕಿದರೆ, ಸರಿಯಾಗಿ ಅಲ್ಲಿ ತಾತ ಇರುತ್ತಿರಲಿಲ್ಲ. ತಾರೀಕು ಸಿಕ್ಕಿತು. ಅವರ ಸತ್ತವರು ನಮ್ಮ ಸತ್ತವರಿಗೆ ಸಾಕ್ಷಿ ಹೇಳಿದರು.

ತಾತನದ್ದೂ ಸಿಕ್ಕಿತು. ಒಂದು ಕಡೆ ಅವನು ಇಲ್ಲವಾದವನು ಮತ್ತೆ ಬರಲೇ ಇಲ್ಲ. ಸೂತಕ ಕಳೆದ ಮೇಲೆ ಅವನ ತಮ್ಮನ ಹೆಬ್ಬೆಟ್ಟು ಶುರುವಾಗಿತ್ತು, ಅದೇ ಓರೆ, ಅದೇ ಎಳೆದ ಮಸಿ. ಜಗಲಿ ಅಷ್ಟೇ ಎತ್ತರ ಇತ್ತು.

ಇಷ್ಟೆಲ್ಲ ಹಿಡಿದುಕೊಂಡು ಸೋಮಲಿಂಗಪ್ಪನ ಹತ್ತಿರ ಹೋದೆ. ಬಹಳ ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ, ಇಲ್ಲದ ಹೆಬ್ಬೆಟ್ಟನ್ನು ದಾಖಲೆ ಅಂತ ನಾನು ಹೇಗಮ್ಮ ಬರೆಯಲಿ, ನಾಳೆ ಸಾಹೇಬರು ನನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸ್ತಾರೆ ಅಂದ. ಹಾಗಾದರೆ ಈಗ ಬರೆಯಿರಿ, ಈಗ ವರದಿ ಕೊಡ್ತೀವಿ ಅಂದೆ. ಪಕ್ಕದಲ್ಲಿದ್ದ ರೆಕಾರ್ಡ್ ರೂಮಿನ ಗುಮಾಸ್ತನಿಗೆ ತಡೆಯಲಾಗಲಿಲ್ಲ. ನನ್ನನ್ನು ಹೆದರಿಸಿ ಓಡಿಸಬೇಕು ಅಂತ ಹೇಳಿದ, ಪುಣ್ಯಾತ್ಮ.

"ವರ್ಷ ಮೀರಿದ ಸಾವು ಅಂದ್ರೆ ಆಟ ಅಂದ್ಕೊಂಡ್ಯಾ? ಒಂದೊಂದು ಹೆಣಕ್ಕೂ ಒಂದೊಂದು ಅರ್ಜಿ. ಒಂದೊಂದು ಅರ್ಜಿಗೂ ಸ್ಥಳಕ್ಕೆ ಬಂದು ತನಿಖೆ. ಅದು ಮುಗಿಯೋವರೆಗೂ ಆ ಜಾಗ ಹಂಗೇ ಇರ್ಬೇಕು, ಯಾರೂ ಮುಟ್ಟಂಗಿಲ್ಲ. ಯಾರಮ್ಮ ಮಾಡ್ತಾರೆ ಅಷ್ಟು ಕೆಲ್ಸಾನ?"

ನಾನು ಅವನ ಮುಖವನ್ನೇ ನೋಡಿದೆ. ಯಾರೂ ಮುಟ್ಟಂಗಿಲ್ವಾ ಸಾರ್ ಅಂದೆ. ಮುಟ್ಟಂಗಿಲ್ಲ ಅಂದ. ಸೋಮಲಿಂಗಪ್ಪ ಮಾತ್ರ ಗುಮಾಸ್ತನ ಕಡೆ ತಿರುಗಿ, ಅಯ್ಯೋ ನಿನ್ನ ಬಾಯಿ ಅನ್ನುವ ಹಾಗೆ ಕಣ್ಣು ಮುಚ್ಚಿಕೊಂಡ.

ಸೋಮವಾರ ಕೇರಿಗೆ ಕೇರಿಯೇ ಕಚೇರಿಗೆ ಹೊರಟಿತು. ಬಿ.ಟಿ.ಎಸ್. ಕಂಡಕ್ಟರ್ ಎಲ್ಲಿಗೆ ದಿಬ್ಬಣ ಅಂದ. ಸಾವಿಗೆ ಅಂದೆವು. ಯಾರೂ ಅಳದೆ ಇದ್ದದ್ದು ನೋಡಿ ಅವನಿಗೆ ಅನುಮಾನ ಬಂತು. ಅರ್ಜಿಗಳನ್ನೆಲ್ಲ ತುಂಬಿದ್ದು ನಾನೇ. ಹೆಸರು, ತಂದೆ, ವಯಸ್ಸು, ತಾರೀಕು, ಹೂತ ಜಾಗ. ಸಾವಿಗೆ ಕಾರಣ ಅನ್ನುವ ಕಡೆ ಎಲ್ಲರಿಗೂ ಜ್ವರ ಅಂತ ಬರೆದೆ. ಮೇಲುಬೀದಿಯವರ ಪುಸ್ತಕದಲ್ಲೂ ಹೆಚ್ಚು ಕಡಿಮೆ ಎಲ್ಲರೂ ಜ್ವರದಲ್ಲೇ ಸತ್ತಿದ್ದರು. ಜಗಳವಿಲ್ಲದ ಕಾರಣ ಅದು.

ಗುಮಾಸ್ತ ಸಾಲು ನೋಡಿ ಎದ್ದು ನಿಂತ. ಎಲ್ಲರೂ ನೆಲದ ಮೇಲೆ ಕೂರಿ ಅಂದ. ಅಜ್ಜಿ ಕೂರಲಿಲ್ಲ. ಕೋಲೂರಿ ಹೋಗಿ ಅವನ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು. ಮೊದಲು ನಂದು ಇಸ್ಕೋ, ಕಾಲು ನೋಯ್ತದೆ ಅಂದಳು. ಅವನು ಮೇಜನ್ನೂ ನೋಡಿದ, ಅವಳ ಕೈಯನ್ನೂ ನೋಡಿದ. ಕೈ ತೆಗಿ ಅನ್ನಲು ಬಾಯಿ ತೆರೆದವನು ಅಷ್ಟು ಜನರನ್ನು ನೋಡಿ ಬಾಯಿ ಮುಚ್ಚಿಕೊಂಡ. ಅರ್ಜಿ ಇಸಕೊಂಡ. ಸಂಜೆಯವರೆಗೂ ಸೀಲು ಒತ್ತಿದ. ಮುನಿಯಣ್ಣ ಎಲ್ಲರಿಗೂ ಒಂದೇ ಲೋಟದಲ್ಲಿ ನೀರು ಕೊಟ್ಟ, ತಾನೂ ಅದರಲ್ಲೇ ಕುಡಿದ. ಅಷ್ಟಕ್ಕೇ ನನಗೆ ಅವತ್ತು ಸರ್ಕಾರದ ಮೇಲಿನ ಸಿಟ್ಟು ಒಂದು ಚೂರು ಇಳಿಯಿತು, ಒಂದೇ ಚೂರು.

ತನಿಖೆಗೆ ಸೋಮಲಿಂಗಪ್ಪ ಬಂದದ್ದು ಹಬ್ಬ ಕಳೆದ ಮೇಲೆ, ಟ್ರಾಕ್ಟರ್ ಬಂದ ದಿನವೇ. ಜಗನ್ನಾಥನೂ ಬಂದಿದ್ದ. ಅವನಿಗೆ ನಿಜವಾಗಿ ಸಂಕಟವಾಗಿತ್ತು. ಸೊಸೈಟಿಯಲ್ಲಿ ಎಲ್ಲ ನನ್ನಂಥವರೇ ಕಣಮ್ಮ, ಸಂಬಳದವರು, ಸ್ವಂತ ಮನೆ ಇಲ್ಲದವರು, ಅವರಿಗೆ ನಾನು ಏನು ಹೇಳಲಿ ಅಂದ. ನಮ್ಮವರಿಗೂ ಸ್ವಂತ ಅಂತ ಇರೋದು ಇದೊಂದೇ ಮನೆ ಸಾರ್ ಅಂದೆ. ಅವನು ಸೋಮಲಿಂಗಪ್ಪನ ಪಕ್ಕಕ್ಕೆ ಸರಿದ. ಇದೊಂದು ಬೆಳಗ್ಗೆ ಮುಗಿಸಿಬಿಡಿ, ಮಧ್ಯಾಹ್ನ ಟ್ರಾಕ್ಟರ್ ಇಳಿಸ್ತೀವಿ ಅಂತ ಕಿವಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು.

ಸೋಮಲಿಂಗಪ್ಪ ಹೊಂಗೆ ಮರದ ಕೆಳಗೆ ಮಡಚುವ ಕುರ್ಚಿ ಹಾಕಿ ಕೂತ. ಮೊದಲ ಅರ್ಜಿ ಅಜ್ಜಿಯದು. ಯಾರ ಸಾವು ಅಂದ. ನನ್ನ ಕೂಸಿಂದು ಅಂದಳು. ಎಲ್ಲಿ ಹೂತಿದ್ದು ಅಂದ. ಅವಳು ಮುಳ್ಳು ತುಳಿದುಕೊಂಡು ಹೋಗಿ ಒಂದು ಕಡೆ ನಿಂತಳು. ಇಲ್ಲಿ ಅಂದಳು. ಬರೀ ಹುಲ್ಲು. ಹೆಸರು ಕೇಳಿದ. ಹೆಸರಿಡೋ ಮುಂಚೆನೇ ಹೋಯ್ತು ಅಂದಳು. ಹೆಸರಿಲ್ಲದಿದ್ದರೆ ಇದೊಂದು ಬಿಟ್ಟುಬಿಡೋಣ ಅಂದ. ಮೇಲುಬೀದಿಯ ಗೌಡರ ಮನೆ ಕೂಸಿಗೆ ಗಂಡು ಕೂಸು ಅಂತ ಬರೆದಿದ್ದಾರೆ ಸಾರ್, ನಮ್ಮದೂ ಗಂಡೇ ಅಂದೆ. ಬರೆದ. ಗಂಡು ಕೂಸು, ತಂದೆ ಬೆಟ್ಟಯ್ಯ, ತಾಯಿ ಚಿಕ್ಕಗಂಗಮ್ಮ. ಸಾವಿಗೆ ಕಾರಣ ಜ್ವರ ಅಂತ ನಾನು ಅರ್ಜಿಯಲ್ಲಿ ತುಂಬಿದ್ದನ್ನು ಜೋರಾಗಿ ಓದಿ, ಹಾಗೇ ಇಳಿಸಿಕೊಳ್ಳಲು ಪೆನ್ನು ಊರಿದ.

"ಜ್ವರ ಅಂತ ಬರೀಬೇಡ ಸ್ವಾಮಿ," ಅಂದಳು ಅಜ್ಜಿ.

ಜ್ವರ ಅಂತ ನಿನ್ನ ಮೊಮ್ಮಗಳೇ ಬರೆದಿದ್ದಾಳಲ್ಲಜ್ಜಿ ಅಂದ ಅವನು. ಅವಳಿಗೆ ಗೊತ್ತಿಲ್ಲ ಅಂದಳು. ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅರವತ್ತು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಸೂತಕದ ವಿಷಯ ಕೇಳಿದೆನೇ ಹೊರತು ಕೂಸಿನ ವಿಷಯ ಕೇಳಲಿಲ್ಲ.

"ಕೂಸಿಗೆ ಮೈ ಕಾದಿತ್ತು, ನಿಜ. ಕೆಂಗೇರಿ ಪಂಡಿತರತ್ರ ಹೊತ್ಕೊಂಡು ಹೋಗಾಣ ಅಂತ ನಮ್ಮನೆಯವರು ಟವಲ್ಲಲ್ಲಿ ಕೂಸು ಸುತ್ಕೊಂಡು ಹೊಸ್ಲು ದಾಟಿದ್ರು. ಅಷ್ಟೊತ್ಗೆ ಪಟೇಲ್ರ ಅವ್ವ ಹೋದ್ಲು, ಸುದ್ದಿ ಮುಟ್ಟಿಸ್ಬೇಕು ಬಾ ಅಂತ ಕೂಗು ಬಂತು. ಕೂಸಿಗೆ ಹಿಂಗಾಗೈತೆ, ಪಂಡಿತರಿಗೆ ತೋರ್ಸಿ ಅಂಗೇ ಹೋಯ್ತೀನಿ ಅಂದ್ರು. ಕೂಸು ಕೆಳಗಿಡು, ಸುದ್ದಿ ಮೊದ್ಲು ಅಂದ್ರು ಅವರು. ಕೆಳಗಿಟ್ಟು ಮಾಗಡಿ ದಿಕ್ಕಿಗೆ ಓಡಿದ್ರು. ನಾನು ಬಾಣಂತಿ, ಎದ್ದು ನಿಲ್ಲೋಕೂ ಆಯ್ತಿರ್ಲಿಲ್ಲ. ಅವರು ಊರೂರಿಗೂ ಹೋಗಿ ಅವರವ್ವನ ಸಾವು ಕೂಗಿ ಬರೋ ಹೊತ್ಗೆ ನನ್ನ ಮಡಿಲಲ್ಲಿ ಕೂಸು ತಣ್ಣಗಾಗಿತ್ತು. ಅದನ್ನ ಬರಿ."

ಟ್ರಾಕ್ಟರ್ ಡ್ರೈವರ್ ಎಂಜಿನ್ ಆರಿಸಿದ್ದ. ಯಾವಾಗ ಆರಿಸಿದನೋ ನನಗೆ ತಿಳಿಯಲಿಲ್ಲ. ಸೋಮಲಿಂಗಪ್ಪ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಈ ಕಲಮ್ಮು ಇಷ್ಟೇ ಇರೋದಜ್ಜಿ, ಒಂದು ಪದ ಹಿಡಿಸುತ್ತೆ ಅಂದ. ದನಿ ಮೆತ್ತಗಿತ್ತು.

"ಹಿಂದ್ಗಡೆ ಬೆಳ್ಳಗೈತಲ್ಲ. ತಿರುವಿ ಬರಿ."

ಅವನು ಹಾಳೆ ತಿರುವಿದ. ಅವಳು ಹೇಳಿದ್ದನ್ನೇ ಬರೆದ. ಏನು ಬರೆದವ್ನೆ ಓದು ಅಂತ ಅಜ್ಜಿ ನನಗೆ ಅಂದಳು. ನಾನು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಪಟೇಲರ ತಾಯಿ ಸತ್ತ ಸುದ್ದಿ ಮುಟ್ಟಿಸಲು ತಂದೆಯನ್ನು ಕಳಿಸಿದ್ದರಿಂದ ಕೂಸು ಔಷಧಿಯಿಲ್ಲದೆ ಸತ್ತಿತು. ಸರಿಯಾಗೈತೆ ಅಂದಳು ಅಜ್ಜಿ. ಆಮೇಲೆ ಕೂಸಿದ್ದ ಕಡೆಯೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು.

ಸಾಲಿನಲ್ಲಿ ಎರಡನೆಯವಳು ಗಂಗಲಕ್ಷ್ಮಮ್ಮ, ನಮ್ಮ ಪಕ್ಕದ ಮನೆಯವಳು. ಅವಳ ಗಂಡನ ಅರ್ಜಿ ಸೋಮಲಿಂಗಪ್ಪನ ಕೈಯಲ್ಲಿತ್ತು. ಅವಳು ಅದನ್ನು ಅವನ ಕೈಯಿಂದ ಎಳೆದುಕೊಂಡು ನನ್ನ ಮುಂದೆ ಹಿಡಿದಳು. ಅವಳ ಹಿಂದಿದ್ದ ಕೃಷ್ಣಯ್ಯನೂ ಚಾಚಿದ. ಅವನ ಹಿಂದಿದ್ದವರೂ ಚಾಚಿದರು.

"ಜ್ವರ ಹೊಡ್ದಾಕು ಇಂದ್ರ," ಅಂದಳು ಗಂಗಲಕ್ಷ್ಮಮ್ಮ. "ನಮ್ದೂ ಬೇರೆ ಐತೆ."

ನಾನು ನೆಲದ ಮೇಲೆ ಕೂತು ಪೆನ್ನು ತೆಗೆದೆ. ತನಿಖೆ ಆ ಬೆಳಗ್ಗೆ ಮುಗಿಯಲಿಲ್ಲ. ಆ ವರ್ಷವೂ ಮುಗಿಯಲಿಲ್ಲ.